ಕಷ್ಟದ ದಿನಗಳಲ್ಲಿ ನಂಬಿಕೆ, ಕೃತಜ್ಞತೆ ಉಳಿಸಿಕೊಳ್ಳುವುದು ಹೇಗೆ: ಮೊದಲು ಅಳು, ಆಮೇಲೆ ಸ್ತೋತ್ರ

ಅಪ್ಪನಿಗೆ ಡಯಾಲಿಸಿಸ್ ಶುರುವಾದ ಮೇಲೆ ನಮ್ಮ ಮನೆಯ ವಾರವೇ ಬದಲಾಯಿತು. ಸೋಮವಾರ, ಬುಧವಾರ, ಶುಕ್ರವಾರ ಆಸ್ಪತ್ರೆ. ಒಂದೊಂದು ಸಲಕ್ಕೂ ನಾಲ್ಕು ಗಂಟೆ ಯಂತ್ರದ ಪಕ್ಕ. ಹೋಗಿ ಬರುವುದು ಸೇರಿದರೆ ಇಡೀ ದಿನ ಮುಗಿದ ಹಾಗೆ. ಮೂರು ವರ್ಷ ಹೀಗೇ ನಡೆಯಿತು.

ಮೊದಲ ತಿಂಗಳಲ್ಲೇ ನಮ್ಮ ಚರ್ಚಿನ ಸಭೆಯ ಒಬ್ಬರು ನೋಡಲು ಬಂದರು. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು. "ಈ ಕಾಯಿಲೆಗೂ ದೇವರಿಗೆ ಸ್ತೋತ್ರ ಹೇಳಿ. ಆಗ ಗುಣವಾಗುತ್ತದೆ" ಎಂದರು. ಸ್ತೋತ್ರ ಎಂದರೆ ನಮ್ಮಲ್ಲಿ ದೇವರಿಗೆ ಹೇಳುವ ಧನ್ಯವಾದ. ಅಮ್ಮ ತಲೆಯಾಡಿಸಿದರು. ಅವರು ಗೇಟು ದಾಟಿದ ಮೇಲೆ ಅಡುಗೆಮನೆಗೆ ಹೋಗಿ ಅತ್ತರು. "ನನಗೆ ಹೇಳಲಿಕ್ಕೆ ಆಗ್ತಾ ಇಲ್ಲ. ಇಷ್ಟು ವರ್ಷದ ನಂಬಿಕೆ ಇಷ್ಟೇನಾ?" ಎಂದು ನನ್ನನ್ನು ಕೇಳಿದರು.

ನನ್ನ ಹತ್ತಿರ ಆಗ ಉತ್ತರ ಇರಲಿಲ್ಲ. ಆಮೇಲೆ ನಾವಿಬ್ಬರೂ ನಿಧಾನವಾಗಿ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ. ನಾನು ಕರಾವಳಿಯ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ ಎಂಬ ಪ್ರೊಟೆಸ್ಟೆಂಟ್) ಸಭೆಯವಳು. ಆದರೆ ಇದರಲ್ಲಿ ಹೆಚ್ಚಿನದು ಕಥೋಲಿಕರಿಗೂ ಬೇರೆ ಸಭೆಯವರಿಗೂ ಹೊಂದುತ್ತದೆ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ. ಮೊದಲ ಹೆಜ್ಜೆಯಲ್ಲೇ ಎರಡು ತಿಂಗಳು ನಿಂತರೂ ತಪ್ಪಿಲ್ಲ. ನಾವು ನಿಂತಿದ್ದೆವು.

ಮೊದಲ ಹೆಜ್ಜೆ: ದೇವರ ಮುಂದೆ ಅಳುವುದಕ್ಕೆ ಜಾಗ ಮಾಡಿಕೊಳ್ಳಿ

ಸತ್ಯವೇದದ (ಬೈಬಲಿನ) ಕೀರ್ತನೆಗಳ ಪುಸ್ತಕದಲ್ಲಿ 150 ಕೀರ್ತನೆಗಳಿವೆ. ಅದರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಗೋಳಿನವು. ನಮ್ಮ ಮನೆಗಳಲ್ಲಿ ಹೆಚ್ಚಾಗಿ ಓದುವುದು 23, 91, 121. ಅವು ಧೈರ್ಯ ಕೊಡುತ್ತವೆ, ನಿಜ. ಆದರೆ ಅವನ್ನು ಮಾತ್ರ ಓದುತ್ತಾ ಬೆಳೆದವರಿಗೆ ದೇವರ ಹತ್ತಿರ ದೂರು ಹೇಳಬಹುದು ಎಂಬುದೇ ಗೊತ್ತಿರುವುದಿಲ್ಲ.

13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡು ವಚನ ಬರೀ ದೂರು: ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ, ಎಷ್ಟು ಕಾಲ ಮುಖ ಮರೆಮಾಡುತ್ತೀ ಎಂದು ಕೀರ್ತನೆಗಾರ ದೇವರನ್ನು ಕೇಳುತ್ತಾನೆ. ಮುಂದಿನ ಎರಡು ಬೇಡಿಕೆ. ಕೊನೆಯ ಎರಡರಲ್ಲಿ ಮಾತ್ರ ಭರವಸೆ ಬರುತ್ತದೆ. ಈ ಮೂರು ಭಾಗವನ್ನೇ ಅಚ್ಚಾಗಿ ಇಟ್ಟುಕೊಂಡು ನಿಮ್ಮದೇ ಒಂದು ಕೀರ್ತನೆ ಬರೆಯಿರಿ.

ಒಂದು ಹಾಳೆ ತೆಗೆದುಕೊಳ್ಳಿ. ಮನೆಯಲ್ಲಿ ಆಡುವ ಮಾತಿನಲ್ಲೇ ಬರೆಯಿರಿ. ನಮ್ಮದು ಚರ್ಚಿನಲ್ಲಿ ಕನ್ನಡ, ಮನೆಯಲ್ಲಿ ತುಳು. ಅಮ್ಮ ಕನ್ನಡ ಅಕ್ಷರದಲ್ಲಿ ತುಳು ಬರೆದರು. ಪ್ರಾರ್ಥನೆಯ ಭಾಷೆಗೆ ಒಂದು ಗಾಂಭೀರ್ಯ ಇರುತ್ತದಲ್ಲ, ಅದು ಈ ಕೆಲಸಕ್ಕೆ ಅಡ್ಡ ಬರುತ್ತದೆ.

ಮೊದಲು ದೂರು ಬರೆಯಿರಿ. ಚಂದ ಮಾಡಲು ಹೋಗಬೇಡಿ. "ನಾವು ಯಾರಿಗೂ ಕೆಟ್ಟದ್ದು ಮಾಡಲಿಲ್ಲ, ನಮಗೇ ಯಾಕೆ?" ಎಂದು ಅನಿಸಿದರೆ ಅದನ್ನೇ ಬರೆಯಿರಿ. ಆಮೇಲೆ ಬೇಡಿಕೆ. ಅದು ಸಣ್ಣದಾಗಿರಲಿ, ನಾಳೆಯದಾಗಿರಲಿ. "ನಾಳೆ ಸೂಜಿ ಒಂದೇ ಸಲಕ್ಕೆ ಸರಿಯಾಗಿ ಕೂರಲಿ." ಕೊನೆಗೆ ಭರವಸೆಯ ಒಂದು ಸಾಲು. ಬರದಿದ್ದರೆ ಆ ಜಾಗ ಖಾಲಿ ಬಿಡಿ.

ಖಾಲಿ ಬಿಡಲು ಹೆದರಬೇಡಿ. 88ನೇ ಕೀರ್ತನೆ ಓದಿ ನೋಡಿ. ಅದು ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೆ ಒಂದು ಸಮಾಧಾನದ ಮಾತೂ ಇಲ್ಲ. ಆದರೂ ಅದನ್ನು ಯಾರೂ ಸತ್ಯವೇದದಿಂದ ತೆಗೆದುಹಾಕಲಿಲ್ಲ. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಿಂದ ಬಂದದ್ದೂ 22ನೇ ಕೀರ್ತನೆಯ ಮೊದಲ ಸಾಲು: ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ ಎಂಬ ಕೂಗು. "ನನ್ನ ದೇವರೇ" ಎಂದು ಕರೆದೇ ಕೇಳಿದ್ದು. ದೂರು ಹೇಳುವವನು ಇನ್ನೂ ಮಾತು ಬಿಟ್ಟಿಲ್ಲ ಅಲ್ವಾ? ಅಮ್ಮನಿಗೆ ಈ ಒಂದು ವಿಷಯ ಮನಸ್ಸಿಗೆ ಇಳಿದ ದಿನ ಮುಖದ ಬಿಗಿ ಸ್ವಲ್ಪ ಸಡಿಲವಾಯಿತು. ಅವರ ಹಾಳೆಯ ಮೂರನೇ ಭಾಗ ಎರಡು ತಿಂಗಳು ಖಾಲಿಯೇ ಇತ್ತು.

ಎರಡನೇ ಹೆಜ್ಜೆ: ಊಟ, ನಿದ್ದೆ

ಇದು ಆತ್ಮಿಕ ವಿಷಯ ಅಲ್ಲ ಎಂದು ದಾಟಿಹೋಗಬೇಡಿ. ಸತ್ಯವೇದದ 1 ಅರಸುಗಳು ಪುಸ್ತಕದ 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನು ಗಿಡದ ಕೆಳಗೆ ಕೂತು, ನನ್ನ ಪ್ರಾಣ ತೆಗೆದುಬಿಡು ಎಂದು ದೇವರನ್ನು ಕೇಳುತ್ತಾನೆ. ದೇವರು ಬುದ್ಧಿ ಹೇಳಲಿಲ್ಲ. ಎಲೀಯನು ಮಲಗಿದ. ದೂತನು ಎಬ್ಬಿಸಿ ರೊಟ್ಟಿ, ನೀರು ಕೊಟ್ಟ. ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ತಿನ್ನಿಸಿದ. ಮಾತುಕತೆ ನಡೆದದ್ದು ಆಮೇಲೆ.

ರೋಗಿಯನ್ನು ನೋಡಿಕೊಳ್ಳುವವರು ತಮ್ಮ ಊಟ ಬಿಡುವುದು ಜಾಸ್ತಿ. ನಂಬಿಕೆ ಕುಗ್ಗಿದೆ ಎಂದು ಅನಿಸುವ ರಾತ್ರಿ ಮೊದಲು ಕೇಳಿಕೊಳ್ಳಿ: ಇವತ್ತು ಸರಿಯಾಗಿ ತಿಂದೆನಾ? ಎಷ್ಟು ಹೊತ್ತು ಮಲಗಿದೆ? ಗಂಜಿ ಕುಡಿದು ಮಲಗಿ. ದೊಡ್ಡ ಪ್ರಶ್ನೆ ಬೆಳಿಗ್ಗೆಗೆ ಇರಲಿ.

ಮೂರನೇ ಹೆಜ್ಜೆ: ಪ್ರಾರ್ಥನೆಯನ್ನು ಚಿಕ್ಕದು ಮಾಡಿ, ಹೊತ್ತು ಮಾತ್ರ ತಪ್ಪಿಸಬೇಡಿ

ನಮ್ಮಲ್ಲಿ ಸಂಜೆಯ ಕುಟುಂಬ ಪ್ರಾರ್ಥನೆ ಎಂದರೆ ಹಾಡು, ಓದು, ಉದ್ದದ ಪ್ರಾರ್ಥನೆ. ಅಪ್ಪ ದಣಿದು ಬಂದ ದಿನ ಅದು ಆಗುತ್ತಿರಲಿಲ್ಲ. ಮೊದಲು ನಾವು ಬಿಟ್ಟೇಬಿಟ್ಟೆವು. ಅದು ತಪ್ಪಾಯಿತು. ಆಮೇಲೆ ಹೀಗೆ ಮಾಡಿದೆವು: ಏಳು ಗಂಟೆಗೆ ದೀಪ ಹಾಕಿ ಅಪ್ಪನ ಮಂಚದ ಸುತ್ತ ನಿಲ್ಲುವುದು, ಒಂದು ಕೀರ್ತನೆಯ ನಾಲ್ಕು ಸಾಲು, ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಮುಗಿಯಿತು. ಮೂರು ನಿಮಿಷ ಹಿಡಿಯುತ್ತಿರಲಿಲ್ಲ.

ಸ್ವಂತ ಮಾತು ಬಾರದಾಗ ಬಾಯಿಪಾಠದ ಪ್ರಾರ್ಥನೆ ಕೈಹಿಡಿಯುತ್ತದೆ. ಅದನ್ನು ಕೀಳೆಂದು ನೋಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಕಥೋಲಿಕ ಅಕ್ಕಂದಿರು ಆಸ್ಪತ್ರೆಯ ಬೆಂಚಿನಲ್ಲಿ ಜಪಸರದ ಮಣಿ ಎಣಿಸುವುದನ್ನು ನೋಡಿದ್ದೇನೆ. ಕೈಬೆರಳಿಗಾದರೂ ಒಂದು ಹಿಡಿ ಸಿಗುತ್ತದೆ. ಕಾಯುವ ಹೊತ್ತಿಗೆ ಮೊಬೈಲಿನಲ್ಲಿ ಕನ್ನಡ ಸತ್ಯವೇದದ ಧ್ವನಿ ಹಾಕಿ ಕೇಳಬಹುದು. ಓದಲು ಕಣ್ಣು, ಮನಸ್ಸು ಎರಡೂ ಸೋತಿರುವಾಗ ಕೇಳುವುದು ಸುಲಭ. ಅಪೊಸ್ತಲ ಪೌಲನು ಸಭೆಗಳಿಗೆ ಬರೆದ ಎಫೆಸ, ಫಿಲಿಪ್ಪಿಯಂಥ ಸಣ್ಣ ಪತ್ರಗಳು ಒಂದೇ ಸಲಕ್ಕೆ ಮುಗಿಯುತ್ತವೆ.

ನಾಲ್ಕನೇ ಹೆಜ್ಜೆ: "ಎಲ್ಲಾದರಲ್ಲಿಯೂ" ಎಂಬುದನ್ನು ಸರಿಯಾಗಿ ಓದಿಕೊಳ್ಳಿ

1 ಥೆಸಲೋನಿಕ 5:18ರಲ್ಲಿ ಪೌಲನು ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ ಎನ್ನುತ್ತಾನೆ. "ಎಲ್ಲಾದರಲ್ಲಿಯೂ". ಕಷ್ಟದ ಒಳಗೆ ನಿಂತು ಸ್ತೋತ್ರ ಹೇಳು ಎಂದರ್ಥ. ಕಷ್ಟಕ್ಕೇ ಸ್ತೋತ್ರ ಹೇಳಬೇಕೆಂದು ಈ ಮಾತಿನಲ್ಲಿ ಇಲ್ಲ. ಒಂದು ವಿಭಕ್ತಿ ಪ್ರತ್ಯಯದಲ್ಲಿ ಎಷ್ಟು ದೊಡ್ಡ ವ್ಯತ್ಯಾಸ ನೋಡಿ.

ಎಫೆಸ 5:20ರಲ್ಲಿ "ಎಲ್ಲಕ್ಕಾಗಿಯೂ" ಎಂಬ ಅರ್ಥದ ಮಾತಿದೆಯಲ್ಲ ಎಂದು ನೀವು ಕೇಳಬಹುದು. ಇದೆ. ಆದರೆ ಅದೇ ಪೌಲನು ತನ್ನ ಶರೀರದ ಮುಳ್ಳನ್ನು, ಅಂದರೆ ಬಿಡದೆ ಕಾಡುತ್ತಿದ್ದ ಒಂದು ಬಾಧೆಯನ್ನು, ತೆಗೆದುಬಿಡು ಎಂದು ಮೂರು ಸಲ ಬೇಡಿಕೊಂಡ. ಗೆಳೆಯ ಎಪಫ್ರೊದೀತನು ಕಾಯಿಲೆ ಬಿದ್ದು ಸಾಯುವ ಹಾಗಿದ್ದಾಗ, ಅವನು ತೀರಿಕೊಂಡಿದ್ದರೆ ನನಗೆ ದುಃಖದ ಮೇಲೆ ದುಃಖ ಬರುತ್ತಿತ್ತು ಎಂದು ಫಿಲಿಪ್ಪಿಯವರಿಗೆ ಬರೆದ. ಅದನ್ನು ಬರೆದದ್ದು ಸೆರೆಮನೆಯಿಂದ. ಆದ್ದರಿಂದ ಆ ವಚನವನ್ನು ರೋಗಿಯ ಹೆಂಡತಿಯ ತಲೆಗೆ ಹೊಡೆಯುವ ಕಲ್ಲಾಗಿ ಬಳಸಬಾರದು ಎಂದೇ ನನ್ನ ಗಟ್ಟಿ ನಂಬಿಕೆ.

ನನಗೆ ಇದೆಲ್ಲಕ್ಕಿಂತ ಹೆಚ್ಚು ಬೆಳಕು ಕೊಟ್ಟದ್ದು ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದ ಮಾತು. ತಿಂಗಳು ತಿಂಗಳು ಕೇಳಿದ ಮಾತೇ. ತನ್ನನ್ನು ಹಿಡಿದುಕೊಟ್ಟ ರಾತ್ರಿಯಲ್ಲಿ ಯೇಸು ರೊಟ್ಟಿ ತೆಗೆದುಕೊಂಡು ಸ್ತೋತ್ರ ಮಾಡಿದನು. ಆ ರಾತ್ರಿಯಲ್ಲೇ! ಸ್ತೋತ್ರ ಮಾಡಿದ್ದು ಕೈಯಲ್ಲಿದ್ದ ರೊಟ್ಟಿಗೆ. ಹಿಡಿದುಕೊಟ್ಟ ಶಿಷ್ಯ ಯೂದನ ದ್ರೋಹಕ್ಕೆ ಸ್ತೋತ್ರ ಹೇಳಿದನೆಂದು ಎಲ್ಲೂ ಬರೆದಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಗೆತ್ಸೆಮನೆ ತೋಟದಲ್ಲಿ ಅತ್ತು, ಈ ಪಾತ್ರೆ (ಬರಲಿದ್ದ ಸಂಕಟ) ನನ್ನಿಂದ ದಾಟಿಹೋಗಲಿ ಎಂದೂ ಬೇಡಿದ. ರೊಟ್ಟಿಗೆ ಸ್ತೋತ್ರ, ಪಾತ್ರೆಗೆ ಕಣ್ಣೀರು. ಒಂದೇ ರಾತ್ರಿ, ಒಂದೇ ಬಾಯಿ.

ಇದು ಅರ್ಥವಾದ ಮೇಲೆ ನಾವು ಒಂದು ನೋಟ್‌ಬುಕ್ ಶುರುಮಾಡಿದೆವು. ದಿನಕ್ಕೆ ಒಂದೇ ಸಾಲು, ತಾರೀಖು ಹಾಕಿ. ಮಾಡುವ ಕ್ರಮ ಹೀಗೆ.

ಕೈಗೆ ಸಿಗುವಂಥದ್ದನ್ನು, ಕಣ್ಣಿಗೆ ಕಂಡದ್ದನ್ನು ಬರೆಯಿರಿ. "ದೇವರ ಕೃಪೆ" ಎಂದು ಬರೆದರೆ ವಾರ ಕಳೆದ ಮೇಲೆ ಏನೂ ನೆನಪಾಗುವುದಿಲ್ಲ. ಡಯಾಲಿಸಿಸ್ ರೋಗಿಗಳಿಗೆ ನೀರಿಗೂ ಅಳತೆ. ಬಾಯಾರಿದರೆ ಅಪ್ಪ ಒಂದು ಐಸ್ ತುಂಡು ಬಾಯಲ್ಲಿಟ್ಟುಕೊಳ್ಳುತ್ತಿದ್ದರು. ನಮ್ಮ ಪುಸ್ತಕದ ಮೊದಲ ಸಾಲು ಅಮ್ಮ ಬರೆದದ್ದು: "ಇವತ್ತು ಕರೆಂಟ್ ಹೋಗಲಿಲ್ಲ, ಐಸ್ ಇತ್ತು."

ಬರೆದದ್ದರಲ್ಲಿ ಒಬ್ಬ ಮನುಷ್ಯ ಇದ್ದರೆ ಅವರಿಗೂ ಹೋಗಿ ಹೇಳಿ. ಬೆಳಿಗ್ಗೆಯ ಬಸ್ಸಿನ ಕಂಡಕ್ಟರ್ ಅಪ್ಪ ನಿಧಾನವಾಗಿ ಹತ್ತುವವರೆಗೆ ಸೀಟಿ ಊದುತ್ತಿರಲಿಲ್ಲ. ಅದು ಪುಸ್ತಕದಲ್ಲಿ ಬಂತು. ಮರುದಿನ ಅಮ್ಮ ಅವನಿಗೆ "ನಿನಗೆ ಪುಣ್ಯ ಬರಲಿ ಮಗಾ" ಎಂದರು. ದೇವರಿಗೆ ಹೇಳಿದ ಕೃತಜ್ಞತೆ ಮನುಷ್ಯರ ಕಿವಿಗೂ ಬೀಳಬೇಕು.

ಹೋಲಿಸಿ ಬರೆಯಬೇಡಿ. ಪಕ್ಕದ ಮಂಚದ ಹುಡುಗನಿಗಿಂತ ನಾವು ಪರವಾಗಿಲ್ಲ ಎಂಬ ಸ್ತೋತ್ರ ಬಹಳ ಸುಲಭವಾಗಿ ಬಾಯಿಗೆ ಬರುತ್ತದೆ. ಲೂಕ 18ರಲ್ಲಿ ತಾನೇ ನೀತಿವಂತನೆಂದುಕೊಂಡ ಫರಿಸಾಯನೂ ಹೀಗೇ ಪ್ರಾರ್ಥಿಸಿದ: ನಾನು ಇವನ ಹಾಗಲ್ಲ, ನಿನಗೆ ಸ್ತೋತ್ರ. ಆ ಹುಡುಗನ ತಾಯಿ ಕೇಳಿಸಿಕೊಂಡರೆ ಏನಾಗಬಹುದು ಎಂದು ಯೋಚಿಸಿ.

ಬರೆಯದ ದಿನಗಳನ್ನು ಆಮೇಲೆ ತುಂಬಿಸಬೇಡಿ. ಖಾಲಿ ದಿನ ಖಾಲಿಯೇ ಇರಲಿ. ಶನಿವಾರ ರಾತ್ರಿ ಆ ವಾರದ ಸಾಲುಗಳನ್ನು ಒಬ್ಬರು ಜೋರಾಗಿ ಓದಿ. ಭಾನುವಾರದ ಆರಾಧನೆಗೆ ಬರಿಗೈಯಲ್ಲಿ ಹೋದ ಹಾಗೆ ಅನಿಸುವುದಿಲ್ಲ.

ನಮ್ಮ ಕ್ರೈಸ್ತ ಮನೆಗಳ ಗೇಟಿನಲ್ಲಿ "ಎಬೆನೆಜರ್" ಎಂಬ ಹೆಸರು ನೋಡಿರುತ್ತೀರಿ. ಸತ್ಯವೇದದ ಪ್ರವಾದಿ ಸಮುವೇಲನು ನಿಲ್ಲಿಸಿದ ಕಲ್ಲಿನ ಹೆಸರು ಅದು. ಇಲ್ಲಿಯವರೆಗೆ ದೇವರು ಸಹಾಯ ಮಾಡಿದ ಎಂದು ಹೇಳಿ ಅವನು ಆ ಕಲ್ಲು ನಿಲ್ಲಿಸಿದ. "ಇಲ್ಲಿಯವರೆಗೆ" ಎಂದಷ್ಟೇ ಹೇಳಿದ. ನೋಟ್‌ಬುಕ್‌ನ ಒಂದೊಂದು ಸಾಲೂ ಅಂಥ ಒಂದು ಕಲ್ಲು.

ಐದನೇ ಹೆಜ್ಜೆ: ವಾಗ್ದಾನದ ವಚನವನ್ನು ಅದರ ಅಕ್ಕಪಕ್ಕದ ಜೊತೆಗೆ ಓದಿ

ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಹಲವು ಸಭೆಗಳಲ್ಲಿ ವಾಗ್ದಾನದ ಚೀಟಿ, ಅಂದರೆ ಸತ್ಯವೇದದ ಒಂದು ವಚನ ಬರೆದ ಚೀಟಿ, ಎತ್ತುತ್ತಾರೆ. ಆ ವಚನ ವರ್ಷವಿಡೀ ಗೋಡೆಯಲ್ಲಿರುತ್ತದೆ. ನಮಗೂ ಒಂದು ವರ್ಷ ಯೆರೆಮೀಯ 29:11 ಬಂತು: ಹಿತದ ಯೋಚನೆಗಳು, ಒಳ್ಳೆಯ ಭವಿಷ್ಯ, ನಿರೀಕ್ಷೆ. ಅದೇ ವರ್ಷ ಅಪ್ಪನ ಆರೋಗ್ಯ ಇನ್ನೂ ಕೆಟ್ಟಿತು. ಚೀಟಿ ಸುಳ್ಳಾಯಿತೇ ಎಂದು ತಮ್ಮ ಕೇಳಿದ.

ಅವತ್ತು ಇಡೀ ಅಧ್ಯಾಯ ಓದಿದೆವು. ಅದು ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಹೋದ ಯೆಹೂದ್ಯರಿಗೆ ಬರೆದ ಪತ್ರ. ಹಿಂದಿನ ವಚನದಲ್ಲೇ 70 ವರ್ಷದ ಲೆಕ್ಕ ಇದೆ. ಅದಕ್ಕೂ ಮೊದಲು, 5ನೇ ವಚನದಲ್ಲಿ, ಮನೆ ಕಟ್ಟಿಕೊಳ್ಳಿರಿ, ತೋಟ ಮಾಡಿ ಅದರ ಫಲ ತಿನ್ನಿರಿ ಎಂದಿದೆ. ನಾಳೆಯೇ ಬಿಡುಗಡೆ ಎಂದು ಯಾರೂ ಹೇಳಿರಲಿಲ್ಲ. ಸೆರೆಯ ಊರಿನಲ್ಲೇ ಗಿಡ ನೆಡಿರಿ ಎಂದಿದ್ದರು. ಅಪ್ಪ ಸುಮ್ನೆ ಕೇಳಿಸಿಕೊಂಡರು. ಮರುವಾರ ಹಿತ್ತಲಿನಲ್ಲಿ ಬಸಳೆ ಬಳ್ಳಿಯ ತುಂಡು ನೆಟ್ಟು, ನಮ್ಮಿಂದ ಸಣ್ಣ ಚಪ್ಪರ ಹಾಕಿಸಿದರು. ಪೊಟ್ಯಾಸಿಯಂ ಜಾಸ್ತಿ ಎಂದು ಅವರಿಗೆ ಬಸಳೆಯೂ ಇಲ್ಲ, ಎಳನೀರೂ ಇಲ್ಲ. ನೆಟ್ಟದ್ದು ನಮಗಾಗಿ.

ನಿಮ್ಮ ಗೋಡೆಯ ವಚನವನ್ನೂ ಹೀಗೆ ಹಿಂದೆ ಹತ್ತು, ಮುಂದೆ ಹತ್ತು ವಚನದ ಜೊತೆ ಓದಿ. ಯಾರಿಗೆ ಹೇಳಿದ್ದು, ಯಾವ ಸ್ಥಿತಿಯಲ್ಲಿ ಹೇಳಿದ್ದು ಎಂದು ನೋಡಿ. ಆಗ ಅದು ಇನ್ನೂ ಗಟ್ಟಿಯಾಗುತ್ತದೆ.

ಆರನೇ ಹೆಜ್ಜೆ: ನಿಮ್ಮ ನಂಬಿಕೆ ಸೋತಾಗ ಬೇರೆಯವರು ಹೊರಲಿ

ಮಾರ್ಕ 2ರಲ್ಲಿ ನಾಲ್ವರು ಒಬ್ಬ ಪಾರ್ಶ್ವವಾಯು ರೋಗಿಯನ್ನು ಹೊತ್ತು ತರುತ್ತಾರೆ. ಜನ ತುಂಬಿದ್ದರಿಂದ ಮಾಳಿಗೆ ಬಿಚ್ಚಿ ಹಾಸಿಗೆ ಸಮೇತ ಇಳಿಸುತ್ತಾರೆ. ಯೇಸು "ಅವರ" ನಂಬಿಕೆಯನ್ನು ನೋಡಿದನು ಎಂದು ಬರೆದಿದೆ. ಮಲಗಿದ್ದವನು ಒಂದು ಮಾತೂ ಆಡಿರಲಿಲ್ಲ.

ನಮ್ಮ ಕರಾವಳಿಯ ಸಭೆಗಳ ಹುಟ್ಟೇ ಹೀಗೆ ಒಬ್ಬರನ್ನೊಬ್ಬರು ಹೊತ್ತುಕೊಂಡದ್ದು. ಸ್ವಿಟ್ಜರ್ಲೆಂಡಿನ ಮಿಶನರಿ ಸಂಸ್ಥೆ ಬಾಸೆಲ್ ಮಿಶನ್‌ನ ಮೂವರು 1834ರಲ್ಲಿ ಮಂಗಳೂರಿಗೆ ಬಂದರು. ಕ್ರೈಸ್ತರಾದವರಲ್ಲಿ ಹಲವರು ಮನೆ, ಕುಲದ ಕಸುಬು ಎರಡನ್ನೂ ಕಳೆದುಕೊಂಡರು. ಅವರಿಗೆ ಅನ್ನದ ದಾರಿ ಬೇಕಿತ್ತು. ನೇಯ್ಗೆ, ಮುದ್ರಣ ಬಂದವು. 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆಯಿತು. ಮುಂದೆ ಮೊದಲ ಮಹಾಯುದ್ಧ ಬಂದಾಗ ಅದರ ಜರ್ಮನ್ ಮಿಶನರಿಗಳನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟು ದೇಶದಿಂದ ಕಳುಹಿಸಿತು. ಮಿಶನ್‌ನ ಕಾರ್ಖಾನೆಗಳು ಬೇರೆಯವರ ಕೈಗೆ ಹೋದವು. ಸಭೆಗಳು ಮಾತ್ರ ನಿಂತವು. ಊರಿನ ಉಪದೇಶಿಗಳು, ಹಿರಿಯರು, ತಾಯಂದಿರು ಅವನ್ನು ಹಿಡಿದುಕೊಂಡರು. ಅಪ್ಪ ದುಡಿದದ್ದೂ ಹೆಂಚಿನ ಕಾರ್ಖಾನೆಯಲ್ಲೇ. ಹಾಗಾಗಿ ಈ ಕಥೆ ನಮಗೆ ಮನೆಯ ಕಥೆ.

ಈಗ ಕೆಲಸದ ಮಾತು. "ಪ್ರಾರ್ಥನೆಯಲ್ಲಿ ನೆನೆಸಿಕೊಳ್ಳಿ" ಎಂದಷ್ಟೇ ಹೇಳಬೇಡಿ. ಏನು ಬೇಕೋ ಬಿಡಿಸಿ ಹೇಳಿ. ಬುಧವಾರ ಆಸ್ಪತ್ರೆಗೆ ಜೊತೆಗೆ ಯಾರಾದರೂ ಬರಬಹುದಾ? ಶುಕ್ರವಾರ ರಾತ್ರಿಯ ಸಾರು ಯಾರಾದರೂ ಕಳುಹಿಸಬಹುದಾ? ನಾವು ಮಹಿಳಾ ಕೂಟದಲ್ಲಿ ಹೀಗೆ ಕೇಳಿದ ಮೇಲೆ ನಾಲ್ಕು ಮನೆಯವರು ವಾರ ಹಂಚಿಕೊಂಡರು. ಕಥೋಲಿಕರಾದರೆ ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರ್ಕಾರರಿಗೆ ಹೇಳಿದರೆ ಸಾಕು, ಸುದ್ದಿ ತಲುಪುತ್ತದೆ. ಸಭಾಪಾಲಕರು ತಾವಾಗಿಯೇ ಬರಲಿ ಎಂದು ಕಾದು ಬೇಸರ ಮಾಡಿಕೊಳ್ಳಬೇಡಿ. ಫೋನ್ ಮಾಡಿ.

ನೋಡಲು ಹೋಗುವವರಿಗೂ ಒಂದು ಮಾತು. ಸತ್ಯವೇದದಲ್ಲಿ ಎಲ್ಲವನ್ನೂ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಮಾತಿಲ್ಲದೆ ಕೂತರು. ಅವರು ಮಾಡಿದ್ದರಲ್ಲಿ ಅತ್ಯಂತ ಒಳ್ಳೆಯ ಕೆಲಸ ಅದೇ. ಬಾಯಿ ತೆರೆದ ಮೇಲೆ ಎಲ್ಲ ಕೆಟ್ಟಿತು. ಯಾರ ಪಾಪದಿಂದ ಹೀಗಾಯಿತು ಎಂದು ಕೇಳಲೇಬೇಡಿ. ಹುಟ್ಟುಕುರುಡನ ವಿಷಯದಲ್ಲಿ ಶಿಷ್ಯರು ಅದನ್ನೇ ಕೇಳಿದರು. ಇವನೂ ಅಲ್ಲ, ಇವನ ತಂದೆತಾಯಿಯೂ ಅಲ್ಲ ಎಂದು ಯೇಸು ಉತ್ತರ ಕೊಟ್ಟ.

ಏಳನೇ ಹೆಜ್ಜೆ: ಹಣ, ಹರಕೆ, ಔಷಧ

ಇಲ್ಲಿ ಖಡಕ್ಕಾಗಿ ಹೇಳುತ್ತೇನೆ. ಇಷ್ಟು ಕೊಟ್ಟರೆ ಗುಣವಾಗುತ್ತದೆ ಎಂದು ಯಾರು ಹೇಳಿದರೂ ಕೊಡಬೇಡಿ. ಸಾಲ ಮಾಡಿ ಕೃತಜ್ಞತಾ ಕಾಣಿಕೆ ಹಾಕಬೇಡಿ. ಬಡ ವಿಧವೆಯೊಬ್ಬಳು ಕಾಣಿಕೆ ಹಾಕಿದ ಎರಡು ಕಾಸನ್ನು ದೇವರು ಮೆಚ್ಚಿದ, ಅದು ಅವಳದೇ ಕಾಸು. ಪ್ರಾರ್ಥನೆ ಮಾಡಿಸಿದೆವು ಎಂದು ಮಾತ್ರೆ, ಡಯಾಲಿಸಿಸ್ ನಿಲ್ಲಿಸಬೇಡಿ. ಪೌಲನ ಜೊತೆಗಿದ್ದ ಲೂಕನು ವೈದ್ಯನೇ.

ಸಿಗುವ ಸಹಾಯವನ್ನು ಕೇಳಿ ಪಡೆಯುವುದೂ ನಂಬಿಕೆಗೆ ವಿರುದ್ಧ ಅಲ್ಲ. ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಬಗ್ಗೆಯೂ ವಿಚಾರಿಸಿ.

ಎಂಟನೇ ಹೆಜ್ಜೆ: ಕತ್ತಲು ಬಿಡದಿದ್ದರೆ

ವಾರಗಟ್ಟಲೆ ನಿದ್ದೆ ಇಲ್ಲ, ಯಾವುದರಲ್ಲೂ ಆಸೆ ಇಲ್ಲ, ಸತ್ತರೆ ಸಾಕು ಎಂದು ಅನಿಸುತ್ತಿದ್ದರೆ ಅದನ್ನು ಬರೀ ಅಪನಂಬಿಕೆ ಎಂದು ಒಳಗೇ ಇಟ್ಟುಕೊಳ್ಳಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು. ಉಚಿತ. ಕನ್ನಡದಲ್ಲೇ ಮಾತಾಡಬಹುದು. ಮನೆಯ ಒಬ್ಬರಿಗಾದರೂ ಇವತ್ತೇ ಹೇಳಿ.

ಒಂಬತ್ತನೇ ಹೆಜ್ಜೆ: ಹಬ್ಬವನ್ನು ಬಿಡಬೇಡಿ

ಕಷ್ಟದ ವರ್ಷ "ನಮಗೆಲ್ಲಿಯ ಹಬ್ಬ" ಎಂದು ಹಿಂದೆ ಉಳಿಯಲು ಮನಸ್ಸಾಗುತ್ತದೆ. ಸಂಭ್ರಮ ಬೇಡ. ಆದರೆ ಕೃತಜ್ಞತೆಯ ಹಬ್ಬದಲ್ಲಿ ಒಂದು ಮೂಲೆಯಲ್ಲಾದರೂ ಇರಿ.

ಮಂಗಳೂರಿನ ಕಥೋಲಿಕರ ಮೊಂತಿ ಹಬ್ಬವನ್ನೇ ನೋಡಿ. ಸೆಪ್ಟೆಂಬರ್ 8ಕ್ಕೆ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಮನೆಗೆ ಕೊಡುತ್ತಾರೆ. ಅದರ ಕಾಳನ್ನು ಹಾಲಿಗೋ ಪಾಯಸಕ್ಕೋ ಹಾಕಿ ಮನೆಯವರೆಲ್ಲ ಸೇವಿಸುತ್ತಾರೆ. ಈ ಜನರ ಹಿರಿಯರನ್ನು 1784ರಲ್ಲಿ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದಿದ್ದರು. ಬಿಡುಗಡೆ ಸಿಕ್ಕಿದ್ದು 1799ರಲ್ಲಿ. ದಾರಿಯಲ್ಲಿ, ಸೆರೆಯಲ್ಲಿ ಸತ್ತವರು ಬಹಳ. ಉಳಿದು ಬಂದವರ ಮಕ್ಕಳ ಮಕ್ಕಳು ಇವತ್ತಿಗೂ ಆ ತೆನೆಯನ್ನು ಮನೆಗೆ ತರುತ್ತಾರೆ.

ನಮ್ಮಲ್ಲಿ ಬೆಳೆ ಹಬ್ಬ. ತೆಂಗಿನಕಾಯಿ, ಬಾಳೆಗೊನೆ, ಕುಂಬಳಕಾಯಿ, ಕೋಳಿ, ಮನೆಯಲ್ಲಿ ಮಾಡಿದ ತಿಂಡಿ, ಏನಿದೆಯೋ ಅದನ್ನು ತಂದು ದೇವರ ಮುಂದೆ ಇಡುತ್ತೇವೆ. ಆರಾಧನೆ ಮುಗಿದ ಮೇಲೆ ಅವುಗಳ ಏಲಂ (ಹರಾಜು) ಆಗುತ್ತದೆ. ಅಪ್ಪ ಮೂರನೇ ವರ್ಷದ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಆ ವರ್ಷದ ಬೆಳೆ ಹಬ್ಬದ ದಿನ ಅಮ್ಮ ಬೆಳಿಗ್ಗೆ ಬೇಗ ಎದ್ದು ಹಿತ್ತಲಿಗೆ ಹೋದರು. ಅಪ್ಪನ ಚಪ್ಪರದಿಂದ ಬಸಳೆ ಕೊಯ್ದು, ಬಾಳೆನಾರಿನಲ್ಲಿ ದೊಡ್ಡ ಕಟ್ಟು ಕಟ್ಟಿದರು. ಚರ್ಚಿಗೆ ನಡೆಯುವಾಗ ದಾರಿಯುದ್ದಕ್ಕೂ ಅತ್ತರು. ಕಟ್ಟನ್ನು ವೇದಿಕೆಯ ಮುಂದೆ ಇಡುವಾಗಲೂ ಕಣ್ಣು ಒರೆಸಿಕೊಳ್ಳಲಿಲ್ಲ.

ಏಲಂನಲ್ಲಿ ಅದನ್ನು ಹಿಡಿದದ್ದು ಮೂರು ವರ್ಷ ಬುಧವಾರ ನಮ್ಮ ಜೊತೆ ಆಸ್ಪತ್ರೆಗೆ ಬರುತ್ತಿದ್ದ ಮನೆಯವರು. ಸಂಜೆ ಅವರು ಬಸಳೆ ಪದಾರ್ಥ ಮಾಡಿ ಒಂದು ಡಬ್ಬಿ ನಮ್ಮ ಮನೆಗೂ ಕಳುಹಿಸಿದರು. ರಾತ್ರಿ ಊಟ ಆದ ಮೇಲೆ ಅಮ್ಮ ನೋಟ್‌ಬುಕ್ ತೆಗೆದು ತಾರೀಖು ಹಾಕಿದರು.